ಕಾಲಿಗೆ ಬಾರದ ಕನ್ನಡ

ಸನತ್‌ನಗರ, ಹೈದರಾಬಾದ್
9 ಅಕ್ಟೋಬರ್ 2023

ನನ್ನ ಯಶು,

(ಯಶವಂತ ಎಂದು ಪೂರ್ತಿ ಬರೆದರೆ ಶಾಲೆಯಲ್ಲಿ ಹಾಜರಿ ಕೂಗಿದ ಹಾಗಿರುತ್ತದೆ!)

ಗಾಬರಿ ಬೀಳಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಹೆಂಡತಿ ಕಾಗದ ಬರೆದಿದ್ದಾಳೆ, ಅಷ್ಟೇ. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮೂರನೆಯ ಭಾಷೆ. ಒತ್ತಕ್ಷರ ಬಂದಲ್ಲೆಲ್ಲ ಕಣ್ಣು ಮುಚ್ಚಿಕೊಂಡು ಬರೆದಿದ್ದೇನೆ, ನೀನೂ ಕಣ್ಣು ಮುಚ್ಚಿಕೊಂಡು ಓದಿಬಿಡು.

ಕಾಗದ ಯಾಕೆ ಅಂದರೆ, ಫೋನಿನಲ್ಲಿ ನೀನು ಆಡಿದ ಅತಿ ಉದ್ದದ ಮಾತು "ಹ್ಞೂಂ, ಉಂಡೆ, ನೀ ಉಂಡಿ?" ಇಪ್ಪತ್ತೆರಡು ಸೆಕೆಂಡು! ಅದೂ ಗುರುವಾರದಿಂದ ಭಾನುವಾರದವರೆಗೆ ಕ್ಯಾಂಪಿನಲ್ಲಿ ಎಲ್ಲರ ಫೋನೂ ಪೆಟ್ಟಿಗೆಯೊಳಗೆ. ಮದುವೆಯಾಗಿ ಹನ್ನೊಂದೇ ದಿನಕ್ಕೆ ಗಂಡನನ್ನು ಕೊಯಮತ್ತೂರಿಗೆ ಕಳಿಸಿದವಳು ಆರು ತಿಂಗಳು ಇಪ್ಪತ್ತೆರಡು ಸೆಕೆಂಡಿನಲ್ಲಿ ಹೇಗೆ ಬದುಕಬೇಕು, ನೀನೇ ಹೇಳು.

ಆಫೀಸಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ, ನನ್ನ ಗಂಡ ದಖ್ಖನ್ ಪಿಕಪ್ ಲೀಗಿನಲ್ಲಿದ್ದಾನೆ ಅಂತ. "ಪಿಕಪ್ ಅಂದರೆ ಟೊಮೇಟೊ ಗಾಡಿಯಾ?" ಅಂದಳು ಕೃಪಾ. ಹೌದು ಟೊಮೇಟೊ ಗಾಡಿಯೇ, ಆದರೆ ರೇಸಿನಲ್ಲಿ ಗಂಟೆಗೆ ನೂರ ಎಂಬತ್ತು ಕಿಲೋಮೀಟರ್ ಓಡುವ ಟೊಮೇಟೊ ಗಾಡಿ ಅಂದೆ. ಅಲ್ಲಿ ನಿನ್ನ ಕೆಲಸ ಏನು ಅಂತ ಕೇಳಿದರು. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ನಾಚಿಕೆಯಾಯಿತು. ಬರೆದು ತಿಳಿಸು.

ಗಚ್ಚಿಬೌಲಿಯಲ್ಲಿ ದಿನಕ್ಕೆ ತೊಂಬತ್ತು ಜನರ ಹತ್ತಿರ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಇಂಗ್ಲಿಷಿನಲ್ಲಿ ಮಾತಾಡುತ್ತೇನೆ. ಮನೆಗೆ ಬಂದರೆ ನಾನೇ ನನ್ನ ಕೂಡ ಮಾತಾಡಬೇಕು. ಕೆಳಗಿನ ಮನೆಯ ಸುಗಲಮ್ಮ ಇದ್ದಾಳೆ, ನಿಮ್ಮ ಶಹಾಪುರದ ಕಡೆಯವಳು. ಕಟ್ಟಡದ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತು "ಏ ತಂಗಿ, ಗೋಡಿ ಕೂಡ ಮಾತಾಡಾಕತ್ತೀಯೇನು?" ಅನ್ನುತ್ತಾಳೆ.

ನಿನ್ನ, ನಿನ್ನ, ನಿನ್ನ
ಶಾಂಭವಿ


ಕೊಯಮತ್ತೂರು ಕ್ಯಾಂಪ್
20 ಅಕ್ಟೋಬರ್ 2023

ಶಾಂಭವಿ,

ನಿನ್ನ ಕಾಗದ ಮುಟ್ಟಿ ಎರಡು ದಿನ ಆತು. ನಾಕು ಸಲ ಓದೋದು ಆತು. ನಾ ಮಾತಾಡೋ ಹಂಗ ಬರೀತೀನಿ, ಬರಿಯೋ ಭಾಷಾ ಸಾಲ್ಯಾಗ ಬಿಟ್ಟು ಬಂದೀನಿ.

ಗಾಡಿ ಟೆಸ್ಟಿಂಗ್ ಆತು. ಟೈರಿನ ತೂಕ ಆತು. ನಿನ್ನೆ ರವಿಶಂಕರ್ ಅಣ್ಣನ ಕೂಡ ರೇಡಿಯೊ ಪ್ರಾಕ್ಟೀಸ್ ಆತು. ಅವ ನಮ್ಮ ಡ್ರೈವರ್. ನಾ ಅವನ ಸ್ಪಾಟರ್. ಗಾಡಿಯೊಳಗ ಕುಂತವಗ ತಲಿಮ್ಯಾಲ ಹೆಲ್ಮೆಟ್, ಕಿಟಕಿಗೆ ನೆಟ್ಟಿನ ಬಲಿ. ಬಾಜೂಕ ಯಾರ ಬಂದ್ರೂ ಕಾಣಂಗಿಲ್ಲ. ನಾ ಸ್ಟ್ಯಾಂಡಿನ ಮಾಳಿಗಿ ಮ್ಯಾಲ ನಿಂತು ನೋಡಿ ಹೇಳಬೇಕು. ಅಣ್ಣಗ ತೆಲುಗು ಬಿಟ್ರ ಬ್ಯಾರೆ ಮಾತಾಡಾಕ ಬರಂಗಿಲ್ಲ. "ಲೋಪಲ ಒಕಡು" ಅಂದ್ರ ಒಳಬಾಜು ಒಬ್ಬ ಇದ್ದಾನ. "ಪೋ" ಅಂದ್ರ ಜಾಗ ಅದ, ಹೋಗು. ಅವ ತಿರುಗಿ ನೋಡಂಗಿಲ್ಲ, ನಾ ಅಂದಂಗ ಕಾಲು ಒತ್ತತಾನ. ಅದಕ್ಕ ಹೆಚ್ಚು ಮಾತು ಆಡಬಾರದು.

ಊಟ ಆತು. ಇಲ್ಲಿ ಸಾರಿಗೆ ಖಾರ ಇಲ್ಲ. ಕಾಗದ ಭಾಳ ಉದ್ದ ಆತು.

ಯಶವಂತ


ಸನತ್‌ನಗರ
30 ಅಕ್ಟೋಬರ್ 2023

ಯಶೂ!

ಒಂದು ಕಾಗದದಲ್ಲಿ ಏಳು "ಆತು"! ಎಣಿಸಿದೆ. ಏಳನ್ನೂ ಪ್ರೀತಿಸಿದೆ.

ನಿನ್ನೆಯ ಮೊದಲ ಓಟ ಪೂರ್ತಿ ನೋಡಿದೆ. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟು, ಪಕ್ಕದಲ್ಲಿ ಸುಗಲಮ್ಮನನ್ನು ಕೂರಿಸಿಕೊಂಡು. ನಿಮ್ಮ ಲೀಗಿನವರು ನೇರಪ್ರಸಾರದಲ್ಲಿ ತಂಡಗಳ ರೇಡಿಯೊ ಮಾತನ್ನೂ ಕೇಳಿಸುತ್ತಾರೆ ಅಂತ ನನಗೆ ಯಾಕೆ ಹೇಳಲಿಲ್ಲ? ಇದ್ದಕ್ಕಿದ್ದಂತೆ ಅಡುಗೆಮನೆಯಲ್ಲಿ ನಿನ್ನ ದನಿ! "ಪೋ, ಪೋ, ಪೋ." ನಾನು ಎದ್ದು ನಿಂತುಬಿಟ್ಟೆ. ಸುಗಲಮ್ಮ "ಕುಂದ್ರವ್ವಾ, ನಿನಗಲ್ಲ ಅವ ಅಂದದ್ದು" ಅಂದಳು.

ಆ ಮಾತೇ ಆಮೇಲೆ ಚುಚ್ಚಿತು ನೋಡು. ನನಗಲ್ಲ. ಐದನೆಯ ಸ್ಥಾನ ಬಂದಿರಿ, ಎಲ್ಲರೂ ಕುಣಿದಿರಿ, ಫೋನು ಆರಿಸಿದ ಮೇಲೆ ಮನೆ ಎಷ್ಟು ಸದ್ದಿಲ್ಲದೆ ಹೋಯಿತು ಅಂದರೆ ನೀರಿನ ಟ್ಯಾಂಕು ತುಂಬುವುದು ಕೇಳಿಸುತ್ತಿತ್ತು.

ಅದಕ್ಕೆ ಒಂದು ಉಪಾಯ. ನೆನಪಿದೆಯಾ, ಕುಷಾಯಿಗೂಡದಲ್ಲಿ ಸುಮತಿ ಅತ್ತೆಯ ಮನೆಯಲ್ಲಿ ನೀನು ನನ್ನನ್ನು ನೋಡಲು ಬಂದ ದಿನ? ಮಾಳಿಗೆಯ ಮೇಲೆ ಐದು ನಿಮಿಷ ಮಾತಾಡಿಕೊಳ್ಳಿ ಅಂತ ಕಳಿಸಿದರು. ನಾಲ್ಕೂವರೆ ನಿಮಿಷ ನಾನೇ ಮಾತಾಡಿದೆ. ಕೊನೆಗೆ, "ನಾನು ತುಂಬಾ ಮಾತಾಡ್ತೀನಿ ರೀ, ಜೀವನ ಪೂರ್ತಿ ಕೇಳಿಸಿಕೊಳ್ಳೋಕೆ ಆಗುತ್ತಾ?" ಅಂತ ಕೇಳಿದೆ. ನೀನು ಟ್ಯಾಂಕಿನ ಕಡೆ ನೋಡಿದೆ. ತುಂಬಾ ಹೊತ್ತು ನೋಡಿದೆ. ಆಮೇಲೆ ಅಂದೆ, "ಆಗ್ತದ."

ನನ್ನ ಮದುವೆ ಆದದ್ದು ಆ ಒಂದು ಶಬ್ದದ ಜೊತೆ!

ಮುಂದಿನ ಓಟದಲ್ಲಿ ಒಂದೇ ಒಂದು ಸಲ "ಪೋ" ಅನ್ನುವ ಬದಲು "ಆಗ್ತದ" ಅನ್ನು. ಜಾಗ ಇದೆ, ಹೋಗಬಹುದು, ಆಗ್ತದ. ಅರ್ಥ ಒಂದೇ ತಾನೇ? ಇಡೀ ದೇಶ ಕೇಳಿಸಿಕೊಳ್ಳುತ್ತದೆ, ನನಗೊಬ್ಬಳಿಗೇ ತಿಳಿಯುತ್ತದೆ.

ಕಾಯುತ್ತಿರುವ
ಶಾಂಭವಿ


ಕೊಯಮತ್ತೂರು
6 ನವೆಂಬರ್ 2023

ಶಾಂಭವಿ,

ಆ ಶಬ್ದ ರೇಡಿಯೊದಾಗ ಬ್ಯಾಡ. ಯಾಕ ಅಂತ ಬಂದಾಗ ಹೇಳ್ತೀನಿ. ಮನ್ಯಾಗ ದಿನಾ ನೂರು ಸಲ ಅಂತೀನಿ, ಎಣಿಸಿಕೋ.

ಹಬ್ಬಕ್ಕ ರಜಾ ಇಲ್ಲ. ಸೀರಿ ತಗೋ.

ಯಶವಂತ


ಸನತ್‌ನಗರ
13 ನವೆಂಬರ್ 2023

ಯಶವಂತ,

ನಿನ್ನೆ ದೀಪಾವಳಿ. ನಮ್ಮ ಮೊದಲನೆಯದು.

ಅಪ್ಪ ಅಳಿಯನಿಗೆ ಪಂಚೆ ತಂದಿಟ್ಟುಕೊಂಡು ಮೈಸೂರಿನಿಂದ ಮೂರು ಸಲ ಫೋನ್ ಮಾಡಿದರು. ಮೊದಲ ಹಬ್ಬಕ್ಕೆ ಮಗಳೊಬ್ಬಳೇ ಹೋದರೆ ಬೀದಿಯಲ್ಲಿ ನೂರು ಪ್ರಶ್ನೆ, ಆದ್ದರಿಂದ ಹೋಗಲಿಲ್ಲ. ಎಣ್ಣೆ ನೀರು ನಾನೇ ಹಾಕಿಕೊಂಡೆ. ಬೆನ್ನಿಗೆ ಕೈ ಎಟುಕಲಿಲ್ಲ.

ಸೀರೆ ತೆಗೆದುಕೊಂಡೆ. ನೀಲಿ. ಸುಗಲಮ್ಮ ಚೆನ್ನಾಗಿದೆ ಅಂದಳು. ಅವಳ ಮನೆಗೆ ನೆಂಟರು ಬಂದಿದ್ದರು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಾನು ಕೇಳಿದ್ದು ಒಂದು ಶಬ್ದ.

ಶಾಂಭವಿ


ಸನತ್‌ನಗರ
20 ನವೆಂಬರ್ 2023

ನನ್ನ ರಾಜಾ, ನನ್ನ ಬಂಗಾರ, ನನ್ನ ಟೊಮೇಟೊ ಗಾಡಿಯ ಮಹಾರಾಜಾ!

ಅಂದೆ! ಅಂದೇಬಿಟ್ಟೆ! ಹದಿನೇಳನೆಯ ಸುತ್ತಿನಲ್ಲಿ ಒಂದು ಸಲ, ಇಪ್ಪತ್ತಾರರಲ್ಲಿ ಇನ್ನೊಂದು ಸಲ. "ಆಗ್ತದ ಅಣ್ಣಾ, ಆಗ್ತದ." ರವಿಶಂಕರ್ ಅಣ್ಣ ನುಗ್ಗಿದರು ನೋಡು, ಎರಡು ಗಾಡಿಗಳ ನಡುವೆ ಎಳನೀರಿಗೆ ಸ್ಟ್ರಾ ಹಾಕಿದ ಹಾಗೆ! ಕಾಮೆಂಟರಿ ಹೇಳುವವನು ಇದು ಯಾವ ಸಂಕೇತ ಅಂತ ತಲೆ ಕೆರೆದುಕೊಂಡ. ನಾನು ಅಕ್ಕಿ ಡಬ್ಬಕ್ಕೆ ಮುತ್ತು ಕೊಟ್ಟೆ.

ಹದಿಮೂರನೆಯ ತಾರೀಖು ಬರೆದ ಕಾಗದ ಹರಿದುಹಾಕು. ಅದನ್ನು ಬರೆದವಳು ಯಾರೋ ಅತ್ತೆಯಂಥವಳು.

ನಿನ್ನ ಹುಚ್ಚಿ
ಶಾಂಭವಿ


ನಾಗಪುರ
14 ಡಿಸೆಂಬರ್ 2023

ಶಾಂಭವಿ,

ಇಲ್ಲಿ ಚಳಿ ಅದ. ಮೂರನೇ ರೇಸ್ ಆತು, ಎರಡನೇ ನಂಬರ ಬಂದೀವಿ. ವಿಜಯಕುಮಾರ ಸಾಹೇಬರು, ನಮ್ಮ ತಂಡದ ಮಾಲಕರು, ಎಲ್ಲರಿಗೂ ಬಿರಿಯಾನಿ ಕೊಡಿಸಿದ್ರು.

ಆ ಶಬ್ದದ ಬಗ್ಗೆ ಅಣ್ಣಗ ಮೊದಲೇ ಕೇಳಿದ್ದೆ. ಹೆಂಡ್ತಿ ಕೇಳ್ತಾಳ ಅಂದೆ. "ಕೊತ್ತ ಪೆಳ್ಳಾಂ ಕದಾ" ಅಂತ ನಕ್ಕ, ಹೊಸ ಹೆಂಡ್ತಿ ಅಲ್ಲೇನು ಅಂತ. ಮೂರು ದಿನ ಇಬ್ರೂ ಪ್ರಾಕ್ಟೀಸ್ ಮಾಡಿದ್ವಿ. ಈಗ ಅವಗ ರೂಢಿ ಆಗ್ಯದ.

ನೀಲಿ ಸೀರಿ ಉಟ್ಟ ಫೋಟೊ ಕಳಿಸು.

ಯಶು


ಸನತ್‌ನಗರ
7 ಜನವರಿ 2024, ಸಂಜೆ

ಯಶು,

ಒಂಬತ್ತು ಸಲ ಫೋನ್ ಮಾಡಿದೆ. ಪೆಟ್ಟಿಗೆಯಲ್ಲಿದೆ ಅಂತ ಗೊತ್ತು, ಆದರೂ ಮಾಡಿದೆ.

"ಆಗ್ತದ" ಅಂದೆ. ಅದು ಕೇಳಿಸಿತು. ಗಾಡಿ ಮುಂದೆ ಹೋಗಲಿಲ್ಲ. ಮುಂದೆ ಬಯಲಿನಂಥ ಜಾಗ ಇದ್ದರೂ ಅದರ ಬ್ರೇಕಿನ ಕೆಂಪು ದೀಪ ಹತ್ತಿಕೊಂಡಿತು. ಹಿಂದಿನ ಗಾಡಿ ಬಂದು ಗುದ್ದಿತು, ಅದರ ಹಿಂದಿನದು ಅದಕ್ಕೆ ಗುದ್ದಿತು. ಆಮೇಲೆ ನೀನು "ಅಣ್ಣಾ" ಅಂದೆ. "ಅಣ್ಣಾ, ಅಣ್ಣಾ, ಅಣ್ಣಾ." ಪ್ರಸಾರ ನಿಲ್ಲಿಸಿ ಜಾಹೀರಾತು ಹಾಕಿದರು.

ಸುಗಲಮ್ಮ ಫೋನನ್ನು ಮಗುಚಿ ಇಟ್ಟು ಎದ್ದು ಹೋದಳು.

ರವಿಶಂಕರ್ ಅಣ್ಣ ಹೇಗಿದ್ದಾರೆ? ಬರೆ. ಒಂದು ಸಾಲು ಬರೆ.

ಶಾಂಭವಿ


ನಾಗಪುರ
17 ಜನವರಿ 2024

ಶಾಂಭವಿ,

ಅಣ್ಣನ ಬಲಗೈ ಮಣಿಕಟ್ಟು ಮುರದದ. ಎರಡು ಪಕ್ಕೆಲುಬು ಬಿರುಕು ಬಿಟ್ಟಾವ. ಜೀವಕ್ಕ ಭಯ ಇಲ್ಲ ಅಂತ ಡಾಕ್ಟರ್ ಹೇಳ್ಯಾರ. ನಾಳೆ ಹೈದರಾಬಾದಿಗೆ ಕಳಿಸ್ತಾರ. ಅವನ ಮನಿ ಕುಷಾಯಿಗೂಡದಾಗ.

ವಿಜಯಕುಮಾರ ಸಾಹೇಬರು ಎಲ್ಲರ ಮುಂದ ಕೇಳಿದ್ರು, ಆ ಮಾತು ಯಾಕ ಅಂದಿ ಅಂತ. ಬಾಯಿ ತಪ್ಪಿ ಬಂತು ಅಂದೆ. ಮಾಳಿಗಿ ಮ್ಯಾಲ ಬ್ಯಾರೆ ಒಬ್ಬನ್ನ ನಿಲ್ಲಿಸ್ಯಾರ. ನಾ ಟೈರ್ ಕಡೆ ಇದ್ದೀನಿ.

ಉಂಡೀನಿ. ನೀನೂ ಉಣ್ಣು. ಫೋನ್ ಹಚ್ಚಬ್ಯಾಡ. ಹಚ್ಚಿದ್ರ ಏನು ಮಾತಾಡ್ಲಿ.

ಯಶವಂತ


ಸನತ್‌ನಗರ
4 ಫೆಬ್ರವರಿ 2024

ಯಶವಂತ,

ನಿನ್ನ ಕಾಗದ ಬಂದು ಹದಿಮೂರು ದಿನ. ನಾಲ್ಕು ಸಲ ಉತ್ತರ ಬರೆದು ಹರಿದೆ.

ಮೊದಲು ನನಗೆ ತಿಳಿದಿರಲೇ ಇಲ್ಲ. ಇದನ್ನು ನೀನು ನಂಬಬೇಕು. ಮೈಸೂರಿನವಳು ನಾನು, ಆಫೀಸಿನಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಹಿಂದಿ. ಕಳೆದ ಶನಿವಾರ ಸುಗಲಮ್ಮನ ಜೊತೆ ಶೇರ್ ಆಟೊದಲ್ಲಿ ಬರುತ್ತಿದ್ದೆ. ನಮ್ಮ ಗಲ್ಲಿ ದಾಟಿಹೋಗುತ್ತಿತ್ತು. ಸುಗಲಮ್ಮ ಡ್ರೈವರಿಗೆ ಕೂಗಿದಳು, "ಅನ್ನಾ, ಆಗು! ಆಗು!" ಆಟೊ ಗಕ್ಕನೆ ನಿಂತಿತು. ನಾನು ಮುಂದಿನ ಸೀಟಿಗೆ ಹಣೆ ಬಡಿಸಿಕೊಂಡೆ.

ನಾನು ಇಳಿಯಲಿಲ್ಲ. ಅವಳ ಮುಖವನ್ನೇ ನೋಡಿದೆ.

"ತೆಲುಗಿನಾಗ ಆಗು ಅಂದ್ರ ನಿಲ್ಲು ಅಂತ, ತಂಗಿ" ಅಂದಳು. "ನಂಗ ಆವತ್ತೇ ತಿಳೀತು. ನಿಂಗ ಹ್ಯಾಂಗ ಹೇಳ್ಲಿ?"

ಅದಕ್ಕೇ "ಬ್ಯಾಡ" ಅಂದಿದ್ದೆ. ನೀನು ಅಂದಿದ್ದೆ. ನಾನು ದೀಪಾವಳಿಯ ಎಣ್ಣೆ ನೀರಿನ ಕಥೆ ಬರೆದು ಕಳಿಸಿದೆ.

ಮರುದಿನ ಕುಷಾಯಿಗೂಡಕ್ಕೆ ಹೋದೆ. ಅಲ್ಲಿಯ ಬಸ್ ಸ್ಟಾಪಿನಿಂದ ಸುಮತಿ ಅತ್ತೆಯ ಮನೆಯ ಟ್ಯಾಂಕು ಕಾಣುತ್ತದೆ. ಅತ್ತ ಹೋಗಲಿಲ್ಲ. ರವಿಶಂಕರ್ ಅಣ್ಣನ ಹೆಂಡತಿ ನೀಲಾ ಬಾಗಿಲು ತೆಗೆದರು. ನಾನು ಯಾರೆಂದು ಹೇಳಿದೆ. ಒಳಗೆ ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅಣ್ಣ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಲಗೈಗೆ ಮೊಣಕೈವರೆಗೆ ಪಟ್ಟಿ. ಮೋಸಂಬಿ ಹಣ್ಣು ತಂದಿದ್ದೆ. ಅದನ್ನು ಸುಲಿಯಲು ಎರಡು ಕೈ ಬೇಕು ಅನ್ನುವುದು ಅಲ್ಲಿ ಹೋಗಿ ನಿಂತ ಮೇಲೆ ಹೊಳೆಯಿತು.

ಎಲ್ಲ ಹೇಳಿದೆ. ಅರ್ಧ ಹಿಂದಿ, ಕಾಲು ಇಂಗ್ಲಿಷು, ಮಿಕ್ಕದ್ದು ಅಳು. ಆ ಶಬ್ದ ಬೇಕೆಂದು ಕೇಳಿದವಳು ನಾನು, ಯಶವಂತನ ಬಾಯಿ ತಪ್ಪಿದ್ದಲ್ಲ ಅಂತ.

"ತೆಲುಸು" ಅಂದರು. ಗೊತ್ತು. ತಮ್ಮ ಕಿವಿ ಮುಟ್ಟಿಕೊಂಡು, ಆಮೇಲೆ ಬಲಗಾಲು ಅಲ್ಲಾಡಿಸಿ ತೋರಿಸಿದರು. "ಚೆವಿಕಿ ನೇರ್ಪಿನ ಬಿಡ್ಡಾ. ಕಾಲುಕು ರಾಲೇ." ಕಿವಿಗೆ ಕಲಿಸಿದ್ದೆ ಮಗಳೇ, ಕಾಲಿಗೆ ಬರಲಿಲ್ಲ.

ಹಾಗಂದು ನಕ್ಕರು. ನಗುವಾಗ ಪಕ್ಕೆ ನೋಯಿತು, ನಿಲ್ಲಿಸಿದರು.

ನೀಲಾ ನಗಲಿಲ್ಲ. ಮೋಸಂಬಿ ಸುಲಿಯುತ್ತಾ, ನನ್ನ ಕಡೆ ನೋಡದೆ, "ಒಕ್ಕ ಮಾಟಕು ಮನಿಷಿ ಪೋತುಂಡೆ" ಅಂದರು. ಒಂದು ಮಾತಿಗೆ ಮನುಷ್ಯನೇ ಹೋಗಿಬಿಡುತ್ತಿದ್ದ. ನಾನು ತಲೆ ಬಗ್ಗಿಸಿದೆ. ಸುಲಿದ ಹಣ್ಣಿನಲ್ಲಿ ಎರಡು ತೊಳೆ ನನ್ನ ಕೈಗೂ ಇಟ್ಟರು. ಅದನ್ನು ತಿನ್ನುವಷ್ಟು ಕಷ್ಟದ ಕೆಲಸ ನಾನು ಇದುವರೆಗೆ ಮಾಡಿಲ್ಲ.

ನಿನ್ನ ಕಾಗದವನ್ನು ಮತ್ತೆ ಓದಿದೆ. ಅದರಲ್ಲಿ ಒಂದೂ "ಆತು" ಇಲ್ಲ. "ಊಟ ಆತು" ಅನ್ನುವವನು "ಉಂಡೀನಿ" ಅಂದಿದ್ದೀಯ. ಹುಡುಕಿ ಹುಡುಕಿ ತೆಗೆದಿದ್ದೀಯ. ನಾನೂ ಹಾಗೆ ಬರೆಯಲು ಕೂತೆ. ಎರಡನೆಯ ಸಾಲಿಗೆ ಸೋತೆ. ಆ ಶಬ್ದ ಬಿಟ್ಟರೆ ಕನ್ನಡದಲ್ಲಿ ಮದುವೆ ಕೂಡ ಆಗುವುದಿಲ್ಲ ಯಶು.

ಬಯ್ಯಬೇಕಿದ್ದರೆ ಬಯ್ಯಿ. ಬಾಯಿ ತಪ್ಪಿತು ಅಂತ ನನ್ನ ಪಾಲಿನದನ್ನೂ ಹೊತ್ತುಕೊಂಡು ಅಲ್ಲಿ ಟೈರು ಎತ್ತಬೇಡ. ಇವತ್ತು ಐದನೆಯ ಓಟ ಇತ್ತು. ನಾನು ನೋಡಲಿಲ್ಲ. ಡಬ್ಬದಲ್ಲಿ ಅಕ್ಕಿ ಮುಗಿದಿತ್ತು, ತಂದು ತುಂಬಿಸಿದೆ.

ಶಾಂಭವಿ


ಕೊಯಮತ್ತೂರು
24 ಫೆಬ್ರವರಿ 2024

ಶಾಂಭವಿ,

ಅಣ್ಣನ ಪಟ್ಟಿ ಬಿಚ್ಚ್ಯಾರ. ಕೊನೀ ರೇಸಿಗೆ ಅವನೇ ಓಡಸ್ತಾನ. ಮೊನ್ನೆ ಬಂದಕೂಡ್ಲೆ ಸಾಹೇಬರ ಮುಂದ ನಿಂತು ಹೇಳಿದ, ಮಾಳಿಗಿ ಮ್ಯಾಲ ಯಶವಂತ ನಿಂತ್ರ ನಾ ಗಾಡಿ ಹತ್ತತೀನಿ, ಇಲ್ಲಂದ್ರ ಇಲ್ಲ ಅಂತ. ನಾ ಒಲ್ಲೆ ಅಂದೆ. "ನಿಂಗ್ಯಾರು ಕೇಳ್ಯಾರಲೇ" ಅನ್ನೋ ಮಾತು ತೆಲುಗಿನಾಗ ಭಾಳ ಕೆಟ್ಟ ಕೇಳಸ್ತದ. ಹಂಗ ಬೈದ.

ನೀ ಅವನ ಮನಿಗೆ ಹೋಗಿದ್ದು ಹೇಳಿದ. ಅದಕ್ಕ ಏನು ಬರೀಬೇಕು ಗೊತ್ತಿಲ್ಲ. ನಿನ್ನ ಕಾಗದ ಅಂಗಿ ಕಿಸೆದಾಗ ಅದ.

ಹನ್ನೊಂದು ಶಬ್ದ ಬರದು ಗೋಡಿಗೆ ಹಚ್ಚೀವಿ. ಎಲ್ಲಾ ತೆಲುಗು. ಅವು ಬಿಟ್ಟು ಬ್ಯಾರೆ ಬಾಯಾಗ ಬರಬಾರದು. ಅದರಾಗ ನಿನ್ನದು ಇಲ್ಲ. ಸಿಟ್ಟು ಮಾಡ್ಕೋಬ್ಯಾಡ.

ಆರನೇ ತಾರೀಖು ಮಧ್ಯಾಹ್ನ ಮನಿಗೆ ಬರ್ತೀನಿ.

ಯಶವಂತ


ಸನತ್‌ನಗರ
6 ಮಾರ್ಚ್ 2024, ಬೆಳಿಗ್ಗೆ

ಯಶು,

ಇದು ಅಂಚೆಯಲ್ಲಿ ಬರುವುದಿಲ್ಲ, ಸುಗಲಮ್ಮ ಬೀಗದ ಕೈಯ ಜೊತೆ ಕೊಡುತ್ತಾಳೆ. ನನಗೆ ರಜೆ ಸಿಗಲಿಲ್ಲ. ತಟ್ಟೆ ಮುಚ್ಚಿಟ್ಟ ಪಾತ್ರೆಯಲ್ಲಿ ಸಾರು ಇದೆ, ಖಾರ ಜಾಸ್ತಿಯೇ ಹಾಕಿದ್ದೇನೆ.

ಭಾನುವಾರ ಕೊನೆಯ ಓಟ ಪೂರ್ತಿ ಕೇಳಿದೆ. ನೋಡಲಿಲ್ಲ, ಫೋನನ್ನು ಮಗುಚಿ ಇಟ್ಟು ಕೇಳಿದೆ. ನಲವತ್ತೆರಡು ನಿಮಿಷ. ಲೋಪಲ ಒಕಡು. ಪೋ. ಪೋ. ಒಂದು ಸಲ, ಮೂವತ್ತನೆಯ ಸುತ್ತಿನಲ್ಲಿ ಇರಬೇಕು, ನೀನು ಉಸಿರು ಎಳೆದುಕೊಂಡು ತಡೆದೆ. ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಆಮೇಲೆ "ಪೋ" ಅಂದೆ. ಅಣ್ಣ ಮುಂದೆ ಹೋದರು.

ಏಳನೆಯ ಸ್ಥಾನ. ಯಾರೂ ಕುಣಿಯಲಿಲ್ಲ. ನೀಲಾ ನನಗೆ ಫೋನ್ ಮಾಡಿದ್ದರು. "ಒಚ್ಚಿಂಡು" ಅಂದರು, ಅಣ್ಣ ಮನೆಗೆ ಬಂದು ಸೇರಿದ ಅಂತ. ಅಷ್ಟೇ ಹೇಳಿ ಇಟ್ಟರು.

ಆ ನಲವತ್ತೆರಡು ನಿಮಿಷದಲ್ಲಿ ನನಗೆ ಅಂತ ಒಂದು ಶಬ್ದವೂ ಇರಲಿಲ್ಲ. ಇಷ್ಟು ಒಂಟಿ ಅನ್ನಿಸಿದ್ದು ದೀಪಾವಳಿಯ ದಿನವೂ ಇಲ್ಲ. ಆದರೆ ಆ ಶಬ್ದ ಒಂದು ಸಲವೂ ಬೇಕು ಅನ್ನಿಸಲಿಲ್ಲ, ಸತ್ಯವಾಗಿ.

ನಾನು ಬರುವುದು ಏಳು ಗಂಟೆಗೆ. ಬಂದವಳೇ ಮಾಳಿಗೆಗೆ ಕರೆದುಕೊಂಡು ಹೋಗಿ ಕುಷಾಯಿಗೂಡದಲ್ಲಿ ಮೊದಲ ದಿನ ನಿನ್ನನ್ನು ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ. ಅವತ್ತು ನಿನಗೆ ನಾನು ಬರೀ ಮಾತುಗಾರ್ತಿ ಅಂತ ಮಾತ್ರ ಗೊತ್ತಿತ್ತು. ಈಗ ಉಳಿದದ್ದೂ ಗೊತ್ತು. ಆದ್ದರಿಂದ ಬೇಗ ಉತ್ತರ ಹೇಳಬೇಡ. ಇಲ್ಲಿಯೂ ಒಂದು ಟ್ಯಾಂಕು ಇದೆ, ಎಷ್ಟು ಹೊತ್ತು ಬೇಕಾದರೂ ಅದನ್ನು ನೋಡು. ಕಾಯುತ್ತೇನೆ. ಹಿಂದಿನಿಂದ ಯಾವ ಗಾಡಿಯೂ ಬರುತ್ತಿಲ್ಲ.

ಶಾಂಭವಿ